ಜಾಕೀಟಿನ ಕೊನೆಯ ಗುಂಡಿ

ಶಹಾಬಾದ
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ಅಪ್ಪಾ, ಶರಣು.

ಹೇಗಿದ್ದೀರಿ? ಸಕ್ಕರೆ ಕಾಯಿಲೆಯ ಗುಳಿಗೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ? ಸೇಡಂನಲ್ಲಿ ಬೆಳಗಿನ ಚಳಿ ಶುರುವಾಗಿರಬೇಕು, ಹೊರಗೆ ಕೂರುವಾಗ ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ಆದರೆ ಈ ಕಾಗದ ಮುಗಿಯುವವರೆಗೆ ಬೇಡ. ಸದ್ಯ ನಿಮ್ಮ ಎಡಗಿವಿಯಲ್ಲಿ ನಾನು ಮಾಡಿದ, ಓದಿ ಹೇಳುವ ಯಂತ್ರದ ತಂತಿ ಇದೆ. ಹೇಗೆ ತೊಡಿಸಬೇಕೆಂದು ನಾಗರತ್ನಾ ಅಕ್ಕನಿಗೆ ವಿಡಿಯೊ ಕಳಿಸಿದ್ದೇನೆ. ಇಲ್ಲಿ ನಾನೂ ನಿಮ್ಮ ತಂಗಿ ಭೀಮಮ್ಮ ಅತ್ತೆಯೂ ಆರಾಮವಾಗಿದ್ದೇವೆ.

ಈ ಸಲ ನನ್ನ ಕಾಗದವನ್ನು ನಿಮ್ಮ ಅಳಿಯ ಸಂತೋಷಕುಮಾರ ಮಾಮಾ ಓದಿ ಹೇಳುತ್ತಿಲ್ಲ. ಅವರು ಅರ್ಧ ಓದಿ, ಉಳಿದದ್ದಕ್ಕೆ "ಎಲ್ಲಾರೂ ಅರಾಮ ಅದಾರಂತ್ರಿ" ಎಂದು ಮುಗಿಸಿಬಿಡುತ್ತಾರೆಂದು ಅಕ್ಕ ಹೇಳಿದ್ದಳು. ಈಗ ಓದುತ್ತಿರುವುದು ಫೋನಿನೊಳಗಿನ ಹೆಂಗಸು. ಅವಳ ಉಚ್ಚಾರ ಸ್ವಚ್ಛ, ಆದರೆ ಪೂರ್ಣವಿರಾಮ ಬಂದರೂ ನಿಲ್ಲದೆ ಓಡುತ್ತಾಳೆ. ನಿಮ್ಮ ಶಾಲೆಯಲ್ಲಿ ಇದ್ದಿದ್ದರೆ ಇನ್ನೊಮ್ಮೆ ಓದಿಸುತ್ತಿದ್ದಿರಿ. ಕೈಬರಹ ಅವಳಿಗೆ ತಿಳಿಯುವುದಿಲ್ಲ. ನನ್ನ ಕೈಬರಹ ನಿಮಗೇ ತಿಳಿಯುತ್ತಿರಲಿಲ್ಲ, ಪಾಪ ಅವಳೇನು ಮಾಡಿಯಾಳು? ಅದಕ್ಕೇ ಇದನ್ನು ಟೈಪು ಮಾಡಿ ಝೆರಾಕ್ಸ್ ಅಂಗಡಿಯಲ್ಲಿ ದಪ್ಪ ಅಕ್ಷರದಲ್ಲಿ ತೆಗೆಸುತ್ತಿದ್ದೇನೆ. ಹಾಳೆಯನ್ನು ಎದೆಯಿಂದ ಒಂದು ಮೊಳ ದೂರ ಹಿಡಿಯಿರಿ.

ಈ ಕಾಗದದ ಜೊತೆ ಕಳಿಸಿದ, ಈಗ ನೀವು ತೊಟ್ಟಿರುವ ಜಾಕೀಟು ನೀವು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದದ್ದೇ. ಪೆನ್ನಿನ ಜೇಬಿಗೆ ತೂತು ಮಾಡಿದ್ದೇನೆ, ಸಿಟ್ಟಾಗಬೇಡಿ. ನಮ್ಮ ರಿಪೇರಿ ಅಂಗಡಿಯಲ್ಲಿ ಪರದೆ ಚೂರಾದ ಫೋನೊಂದು ಬಿದ್ದಿತ್ತು. ಅಂಗಡಿಯ ಮಾಲೀಕ ಮುಸರತ ಭಾಯಿ, "ಇದರ ಮಾರಿನೇ ಹೋಗ್ಯದ, ಯಾರ್ ತಗೋತಾರ?" ಎಂದು ಮೂಲೆಗೆ ತಳ್ಳಿದರು. ಕಣ್ಣಿನಿಂದ ನೋಡದವರಿಗೆ ಪರದೆ ಯಾಕೆ ಬೇಕು ಎಂದು ನನಗೆ ಹೊಳೆದದ್ದು ಆಗ. ಕ್ಯಾಮೆರಾ ಚೆನ್ನಾಗಿತ್ತು, ಓದಿ ಹೇಳುವ ಆ್ಯಪ್ ಹಾಕಿದೆ. ಮೊದಲು ದಾರ ಕಟ್ಟಿ ಕೊರಳಿಗೆ ತೂಗುವಂತೆ ಮಾಡಿದ್ದೆ. ಅತ್ತೆ ನೋಡಿ, "ಏ ಹುಚ್ಚಾ, ಎದಿಮ್ಯಾಲ ಲಿಂಗ ಇರ್ತದ. ಅದರ ಬಾಜೂಕ ಫೋನ್ ತೂಗಿದ್ರ ನಿಮ್ಮಪ್ಪ ಬಾವ್ಯಾಗ ಒಗೀತಾನ" ಎಂದರು. ನಾನು ಕೇಳಲಿಲ್ಲ. ಹಾಕಿಕೊಂಡು ನಡೆದರೆ ಹೆಜ್ಜೆಹೆಜ್ಜೆಗೂ ಫೋನು ಹೋಗಿ ಲಿಂಗದ ಕರಡಿಗೆಗೆ ಬಡಿದು, ಕ್ಯಾಮೆರಾ ತಿರುಗಿ ನನ್ನ ಅಂಗಿಯನ್ನೇ ನೋಡುತ್ತಿತ್ತು. ಹೀಗೆ ಅದು ಜಾಕೀಟಿನ ಜೇಬಿಗೆ ಬಂತು. ಅಲ್ಲಿ ಬ್ಯಾಟರಿ ಕಾದು ಎದೆ ಚುರುಗುಟ್ಟಿತು. ಬಟ್ಟೆ ಹೊಲಿಯುವ ಜೈತುನ್ಬೀ ಒಳಗೆ ಕಂಬಳಿಯ ತುಂಡು ಹಾಕಿ, ಬ್ಯಾಟರಿಗೆ ಬೆನ್ನ ಹಿಂದೆ ಬೇರೆ ಜೇಬು ಮಾಡಿದರು. "ಮಾಸ್ತರ್ ಸಾಬರ ಜಾಕೀಟಿಗಿ ಕತ್ರಿ ಹಚ್ಚಲಿಕ್ಕ ಮನಸ ಬರಲ್ಲ ನೋಡಪಾ" ಎನ್ನುತ್ತಲೇ ಕಚಕಚ ಕತ್ತರಿಸಿದರು. ಇಯರ್‌ಫೋನಿನ ಒತ್ತುವ ಗುಂಡಿಯನ್ನು ಜಾಕೀಟಿನ ಕೊನೆಯ ಗುಂಡಿಯ ಹಿಂದೆ ಕೂರಿಸಿದ್ದೇನೆ. ಒಮ್ಮೆ ಒತ್ತಿದರೆ ಎದುರಿಗಿರುವ ಅಕ್ಷರವನ್ನು ಓದುತ್ತದೆ.

ಪರೀಕ್ಷೆಗೆಂದು ಜಾಕೀಟು ತೊಟ್ಟು ವಾಡಿ ಸ್ಟೇಶನ್ನಿನಲ್ಲಿ ಕಣ್ಣು ಮುಚ್ಚಿ ನಡೆದೆ. ಊರಿನ ಹೆಸರು ಓದಿತು, ಚಹಾದಂಗಡಿಯ ಬೋರ್ಡು ಓದಿತು, ಗೋಡೆಯ ಮೇಲಿನ "ಇಲ್ಲಿ ಉಗುಳಬಾರದು" ಅನ್ನುವುದನ್ನೂ ಓದಿತು. ಮುಂದೆ ಬಾಳೆಹಣ್ಣಿನ ಬುಟ್ಟಿ ಇದೆ ಎಂದು ಮಾತ್ರ ಹೇಳಲಿಲ್ಲ. ಹಣ್ಣಿನವಳು, "ಕಣ್ಣ ಮುಚ್ಚಿ ನಡೀಲಿಕತ್ತಿಯಲ್ಲೋ ಖೋಡಿ, ಮೈಮ್ಯಾಲ ದೇವರ ಬಂದಾನೇನು?" ಎಂದು ಬೈದಳು. ಆದ್ದರಿಂದ ಕೋಲು ಬಿಡಬೇಡಿ. ಇದು ಓದುತ್ತದೆ, ನಡೆಸುವುದಿಲ್ಲ.

ದಸರೆ ಕಳೆದ ಮೇಲೆ ಅಕ್ಕ ಕರೆದೊಯ್ಯಲು ಬಂದಾಗ ನೀವು, "ಓದ್ಲಿಕ್ಕ ಬರಲಾರದ ಮಾಸ್ತರ ಊರಾಗ ಇದ್ದು ಏನ್ ಮಾಡ್ಲಿ?" ಎಂದಿರಿ. ಸಂಜೆ ನಮ್ಮ ಕಟ್ಟೆಗೆ ನೀವು ಓದುತ್ತಿದ್ದ ವಚನ ಕೇಳಲು ಬರುತ್ತಿದ್ದ ಅನಸುಬಾಯಿ ಈಗಲೂ ಬಂದು, ಸುಮ್ಮನೆ ಕೂತು ಎದ್ದು ಹೋಗುತ್ತಾರೆ. ಆವತ್ತು ಮಾಮಾ ಆಡಿದ ಇನ್ನೊಂದು ಮಾತು ನಿಮಗೆ ಕೇಳಿಸಿತ್ತೋ ಇಲ್ಲವೋ. ನಿಮ್ಮನ್ನು ನಾನೇ ನೋಡಿಕೊಳ್ಳುತ್ತೇನೆಂದು ಅತ್ತೆ ನನ್ನ ಪರವಾಗಿ ಹೇಳಿದಾಗ ಅವರು, "ಡಾಕ್ಟರಗ ಫೋನ್ ಹಚ್ಚಂದ್ರ ಇಂವಾ ಹಲೋ ಅನ್ನೂದ್ರಾಗ ಮುದುಕಪ್ಪ ಕೈಲಾಸ ಸೇರಿರ್ತಾನ" ಎಂದರು. ಎಲ್ಲರೂ ನಕ್ಕರು. ಮಾಮಾ ಕೆಟ್ಟವರಲ್ಲ, ನಗಿಸಲಿಕ್ಕೇ ಹೇಳಿದ್ದು. ಉತ್ತರ ಕೊಡಬೇಕೆಂದು ನಾನೂ ಬಾಯಿ ತೆರೆದೆ. ಮೊದಲ ಅಕ್ಷರ ನಾಲಿಗೆಗೆ ಬರುವಷ್ಟರಲ್ಲಿ ನಿಮ್ಮ ಗಾಡಿ ಓಣಿ ದಾಟಿತ್ತು.

ಭಂಕೂರ ಶಾಲೆಗೆ ನಿಮ್ಮ ಸೈಕಲ್ಲಿನ ಮುಂದೆ ಕೂತು ಹೋಗುತ್ತಿದ್ದುದು ನೆನಪಾಗುತ್ತದೆ. ನಾನು ಉತ್ತರ ಹೇಳಲು ಎದ್ದು ತಡವರಿಸಿದಾಗ ನೀವು ಸೀಮೆಸುಣ್ಣ ಕೆಳಗಿಟ್ಟು, "ಸುಮ್ಮ ಕುಂದರ್ರಿ ಎಲ್ಲಾರೂ. ಅಂವಾ ಹೇಳಲಿಕತ್ತಾನ" ಎನ್ನುತ್ತಿದ್ದಿರಿ. ಮಾತು ಪೂರ್ತಿ ಬರುವವರೆಗೆ ಇಡೀ ವರ್ಗ ಕಾಯುತ್ತಿತ್ತು. ಐದನೆಯ ತರಗತಿ ಮುಗಿಸಿ ದೊಡ್ಡ ಶಾಲೆಗೆ ಹೋದೆ. ಅಲ್ಲಿ ಕಾಯುವವರು ಇರಲಿಲ್ಲ, ನಾನು ಮತ್ತೆ ಹೋಗಲಿಲ್ಲ. ನೀವು ಒಂದು ದಿನವೂ ಬೈಯಲಿಲ್ಲ. ಈಗ ಈ ಹೆಂಗಸು ನನ್ನ ಮಾತನ್ನು ಎಲ್ಲೂ ಎಡವದೆ ಹೇಳುತ್ತಿದ್ದಾಳೆ. ನಿಮಗೆ ಹೇಗೆ ಅನ್ನಿಸುತ್ತದೋ ತಿಳಿಯದು. ನನಗಂತೂ ಅಂಗಡಿಯಲ್ಲಿ ಮೊದಲ ಸಲ ಕೇಳಿದಾಗ, ಇದು ಯಾರ ಮಗನ ಮಾತೋ ಅನ್ನಿಸಿತು.

ಅಕ್ಕನಿಗೂ ಮಾಮಾನಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಮಗ,
ಸಂಗಮೇಶ್ವರ

ತಾ.ಕ.: ಝೆರಾಕ್ಸ್ ಅಂಗಡಿಯವನು ಬಾಗಿಲು ಎಳೆಯಲು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನೀವು ಮನೆಗೆ ಬರಬೇಕು ಅಪ್ಪಾ. ಅದನ್ನು ಈ ಹೆಂಗಸಿನ ಬಾಯಿಂದಷ್ಟೇ ಹೇಳಿಸಿದರೆ ಮಾಮಾ ಒಪ್ಪುವುದಿಲ್ಲ, ನನಗೂ ಸರಿ ಕಾಣುವುದಿಲ್ಲ. ತಂತಿಯ ಇನ್ನೊಂದು ತುದಿಯನ್ನು ಮಾಮಾನ ಕಿವಿಗೆ ಕೊಟ್ಟು, ಕೊನೆಯ ಗುಂಡಿಯನ್ನು ಎರಡು ಸಲ ಒತ್ತಿ. ಅದರಲ್ಲಿ ನನ್ನ ದನಿ ಇದೆ. ಸಣ್ಣ ಮಾತು, ಹೊತ್ತು ಹಿಡಿಯುತ್ತದೆ. ನಡುವೆ ಸದ್ದು ನಿಂತರೆ ಯಂತ್ರ ಕೆಟ್ಟಿತೆಂದು ಜಾಕೀಟು ಬಿಚ್ಚಬೇಡಿ. ಅದು ನಾನು. ಹೇಳಲಿಕತ್ತೀನಿ.