ಮುಚ್ಚಳ ತೆಗೆದವರು ಯಾರು?

ಮಾರ್ಚ್ 3, ಮಂಗಳವಾರ, ಬೆಳಿಗ್ಗೆ

ಮಷೀನಿನ ಮುಚ್ಚಳದಡಿಯ, ನೀರು ತಡೆಯುವ ರಬ್ಬರ್ ರಿಂಗ್ ತೆಗೆದು ತೊಳೆದೆ. ಒರೆಸಿದೆ. ಗ್ರೀಸ್ ಹಚ್ಚಿದೆ—ಧಾರಾಳವಾಗಿ. ಬ್ಯಾಟರಿ ಮುಚ್ಚಳ ಹಾಕಿ ತಿರುಪು ಬಿಗಿ ಮಾಡಿದೆ. ಹೆಡ್‌ಫೋನ್ ಸಿಕ್ಕಿಸುವ ಕಡೆಯ ಚಿಕ್ಕ ರಿಂಗೂ ಆಯಿತು.

ಜನ ನದಿಯಲ್ಲಿ ಕಳಕೊಂಡ ಉಂಗುರ, ಸರ, ಬೀಗದ ಕೈ—ಎಲ್ಲ ಹುಡುಕಿಕೊಡುವುದು ಈ ಮೆಟಲ್ ಡಿಟೆಕ್ಟರ್. ಇದರಿಂದಲೇ ನಮ್ಮ ಊಟ. ಆಗ ನಮ್ಮ ಯಜಮಾನರು ನೀರಿಗಿಳಿಯುತ್ತಿದ್ದರು, ಈಗ ಮಗ. ಮಷೀನಿನೊಳಗೆ ನೀರಿಳಿಯದ ಹಾಗೆ ನೋಡಿಕೊಳ್ಳುವವಳು ಅಂದಿಗೂ ಇಂದಿಗೂ ನಾನೇ. ಒಂದು ಹನಿ ಹೊಕ್ಕಿಲ್ಲ. ಹೇಳಿಕೊಳ್ಳಬಾರದು. ಆದರೂ ಹೇಳಿಕೊಳ್ಳುತ್ತೇನೆ.

ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅತ್ತೆ, ಗ್ರೀಸ್ ಸ್ವಲ್ಪ ಜಾಸ್ತಿ ಆಯ್ತೇನೋ..."

"ಡಬ್ಬಿ ನಿನ್ನ ತವರಿಂದ ಬಂತಾ?" ಅಂದೆ. ಹೋದಳು.

ಮಾರ್ಚ್ 5, ಗುರುವಾರ

ಮೈಯೆಲ್ಲ ಉರಿಯುತ್ತಿದೆ. ಮೊನ್ನೆ ಬೆಳಿಗ್ಗೆ ನಾನೇ ಮುಚ್ಚಿಟ್ಟದ್ದು. ಬ್ಯಾಟರಿ ಚಾರ್ಜ್ ಮಾಡಿದ್ದೆನೋ ಇಲ್ಲವೋ ಎಂದು ಬೆಳಿಗ್ಗೆ ತೆಗೆದರೆ—ನನ್ನ ಗ್ರೀಸ್ ಎಲ್ಲಿ? ಯಾರೋ ಪೂರ್ತಿ ಒರೆಸಿ, ಜಿಪುಣರು ಎಣ್ಣೆ ಸವರಿದ ಹಾಗೆ ತೆಳ್ಳಗೆ ಸವರಿಟ್ಟಿದ್ದಾರೆ.

ಮನೆಯಲ್ಲಿರುವುದು ಮೂರೇ ಜನ. ನಾನಂತೂ ಅಲ್ಲ.

ಮಗನನ್ನು ಕೇಳಿದೆ. "ನಂಗೇನ್ ಗೊತ್ತಮ್ಮ, ನಾನು ಬರೀ ನೀರಿಗಿಳಿಯೋ ಎಮ್ಮೆ" ಎಂದು ನಕ್ಕ. ಎಮ್ಮೆಯೇ. ಸೊಸೆಯನ್ನು ಕೇಳಿದೆ. ಉಜ್ಜಿದ ಪಾತ್ರೆಯನ್ನೇ ಉಜ್ಜುತ್ತಿದ್ದಳು. ಕಿವಿ ಕೆಂಪಾಗಿತ್ತು.

ಅರ್ಥವಾಯಿತು. ಅಡುಗೆಮನೆ ಬಿಟ್ಟುಕೊಟ್ಟೆ. ಗಿರಾಕಿಗಳ ಫೋನ್ ಬಿಟ್ಟುಕೊಟ್ಟೆ. ಈ ಅಂಗೈಯಗಲದ ಮುಚ್ಚಳವೂ ಬೇಕಾಯಿತೇ ಇವಳಿಗೆ?

ಅದೇ ದಿನ, ಸಂಜೆ

ಎಲ್ಲ ಒರೆಸಿ ಮತ್ತೆ ನಾನೇ ಹಚ್ಚಿ ಮುಚ್ಚಿದೆ. ಮಷೀನು, ಗ್ರೀಸ್ ಡಬ್ಬಿ ಎರಡೂ ನನ್ನ ಬೀರುವಿನಲ್ಲಿ. ಬೀಗ ಹಾಕಿದ್ದೇನೆ. ಈಗ ಮುಟ್ಟಲಿ ನೋಡೋಣ.

ಬೇಕರಿಯವಳು ಬಂದಿದ್ದಳು. ದೋಣಿಗಟ್ಟೆಯ ಮೆಟ್ಟಿಲಲ್ಲಿ ಕೈ ತೊಳೆಯುವಾಗ ಅವಳ ತಾಯಿಯ ಉಂಗುರ ಜಾರಿ ಹೋಯಿತಂತೆ. ತಾಯಿ ಹೋಗಿ ಇನ್ನೂ ತಿಂಗಳಾಗಿಲ್ಲ. ಮುಂದಿನ ವಾರ ಅಲ್ಲಿ ಹೂಳೆತ್ತುತ್ತಾರೆ, ಆಮೇಲೆ ಸಿಕ್ಕ ಹಾಗೇ. "ನಿಮ್ಮನ್ನೇ ನಂಬಿದೀನಿ ಅಮ್ಮಾ" ಎಂದಳು. ಸೊಸೆಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಅಂದೆ: "ನನ್ನ ಕೈಲಿ ಮುಚ್ಚಿದ ಮಷೀನು. ಚಿಂತೆ ಬಿಡು."

ಮಾರ್ಚ್ 7, ಶನಿವಾರ

ನೀರು ಹೊಕ್ಕಿತು.

ಬರೆಯಲಾರೆ.

ಮಾರ್ಚ್ 9, ಸೋಮವಾರ

ಬರೆಯುತ್ತೇನೆ. ಮಗ ಎದೆಮಟ್ಟ ನೀರಿಗಿಳಿದ ಸ್ವಲ್ಪ ಹೊತ್ತಿಗೇ ಹೆಡ್‌ಫೋನ್ ಕಿತ್ತ. ಮಷೀನು ಒಂದೇ ಸಮ ಅರಚಿ ಸುಮ್ಮನಾಯಿತಂತೆ. ದಡದಲ್ಲಿ ಮುಚ್ಚಳ ತೆಗೆದರೆ ಒಳಗಿಂದ ನೀರು ಬಳಬಳ. ಬೇಕರಿಯವಳ ಎದುರಿಗೇ. ಅವಳು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ತಿರುಗಿಸಿ ಎರಡು ಅನ್ನಬಹುದಿತ್ತು.

ಬ್ಯಾಟರಿ ಹೋಯಿತು. ಮಿಕ್ಕಿದ್ದನ್ನು ರಿಪೇರಿಯವನು ಒಣಗಿಸಿ ನೋಡುತ್ತಾನಂತೆ. ಉಳಿದರೆ ಉಳಿಯಿತು.

ಮನೆಗೆ ಬಂದವಳೇ ಸೊಸೆಗೆ "ಎಲ್ಲಾ ನಿನ್ನ ಕೈಗುಣ" ಅಂದಿದ್ದೆ. ಎಮ್ಮೆ ಮೊದಲ ಸಲ ದನಿ ಎತ್ತಿದ. "ಅಮ್ಮಾ, ಈ ಸಲ ಅವಳು ಮುಟ್ಟಿಲ್ಲ. ಅದಕ್ಕೇ ನೀರು ಹೋಗಿದ್ದು."

"ಏನಂದೆ?"

"ಸುಮ್ನಿರ್ರೀ" ಎಂದಳು ಸೊಸೆ. ಅವನು ಸುಮ್ಮನಿರಲಿಲ್ಲ. ಹೋದ ಚಳಿಗಾಲದಿಂದ ನಾನು ಮುಚ್ಚಿಟ್ಟದ್ದನ್ನು ಪ್ರತಿ ಸಲ ಇವಳು ತೆಗೆದು, ಒರೆಸಿ, ಮತ್ತೆ ಮುಚ್ಚುತ್ತಿದ್ದಳಂತೆ. ಗಂಡ ಹೆಂಡತಿ ಇಬ್ಬರಿಗೂ ಗೊತ್ತಂತೆ. ಮುಂದಿನಿಂದ ಹೊಗಳಿಕೆಯೆಲ್ಲ ನನಗೆ, ಹಿಂದಿನಿಂದ—

ಭಿಕ್ಷೆ! ನನ್ನ ಮನೆಯಲ್ಲಿ ನನಗೇ ಭಿಕ್ಷೆ!

"ಬಾಯಿಬಿಟ್ಟು ಹೇಳೋಕೇನಾಗಿತ್ತು?" ಎಂದು ಕೂಗಿದೆ.

"ಹೇಳಿದ್ದೆ ಅತ್ತೆ. ಡಬ್ಬಿ ನಿನ್ನ ತವರಿಂದ ಬಂತಾ ಅಂದ್ರಿ."

ಮಾರ್ಚ್ 10, ಮಂಗಳವಾರ

ಕರೆಯದೆಯೇ ಸೊಸೆ ನನ್ನ ಕೋಣೆಗೆ ಬಂದಳು. ಕೈಯಲ್ಲಿ ಅದೇ ರಿಂಗ್. ರಿಪೇರಿಗೆ ಕೊಡುವ ಮೊದಲು ತೆಗೆದಿಟ್ಟಿದ್ದಳಂತೆ. "ಸವರಿ ನೋಡಿ ಅತ್ತೆ."

ಸವರಿದೆ. ನಾನು ಇದನ್ನು ಯಾವತ್ತೂ ಕಣ್ಣಿಂದ ನೋಡಿದವಳಲ್ಲ, ಬೆರಳೇ ಸಾಕು. ನುಣ್ಣಗಿದೆ ಅಂದೆ. ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಬಿಸಿಲಿಗೆ ಹಿಡಿದಳು. ಗ್ರೀಸಿನಲ್ಲಿ ಮರಳು ಸಾಲಾಗಿ ಕೂತಿತ್ತು.

ಮತ್ತೆ ಸವರಿದೆ. ನುಣ್ಣಗೇ ಇತ್ತು.

"ಗ್ರೀಸ್ ಜಾಸ್ತಿ ಆದಷ್ಟೂ ಮರಳು ಅಂಟುತ್ತೆ, ಆ ಸಂದೀಲಿ ನೀರು ನುಗ್ಗುತ್ತೆ. ಮುಂಚೆ ನಿಮ್ಮ ಬೆರಳಿಗೆ ಸಿಕ್ತಿತ್ತು, ತೆಗೀತಿದ್ರಿ."

ಬೆರಳು. ಇವೂ ಮಗ-ಸೊಸೆಯ ಕಡೆ ಸೇರಿಕೊಂಡವು.

"ಹೋಗು, ಒಲೆ ಮೇಲೇನಿದೆ ನೋಡು" ಅಂದೆ. ಒಲೆ ಮೇಲೆ ಏನೂ ಇರಲಿಲ್ಲ. ಹೋದಳು.

ಮಾರ್ಚ್ 13, ಶುಕ್ರವಾರ, ದೋಣಿಗಟ್ಟೆ

ಮಷೀನು ಬದುಕಿದೆ. ಹೊಸ ಬ್ಯಾಟರಿ, ಹೊಸ ರಿಂಗ್. ಹೂಳೆತ್ತುವ ಯಂತ್ರ ಆಚೆ ದಡಕ್ಕೆ ಬಂದು ನಿಂತಿದೆ. ಇವತ್ತು ಸಿಕ್ಕರೆ ಸಿಕ್ಕಿತು.

ಬೆಳಿಗ್ಗೆ ಬೀರು ತೆಗೆದು ಗ್ರೀಸ್ ಡಬ್ಬಿ ಸೊಸೆಯ ಮುಂದೆ ತಳ್ಳಿದೆ. "ನೀನೇ ಹಚ್ಚು. ಎಷ್ಟು ಬೇಕೋ ಅಷ್ಟು ಜಿಪುಣತನ ಮಾಡು."

"ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

"ಕೂತ್ಕೊಳ್ದೆ ಮತ್ತೆ? ನಿನ್ನ ನಂಬಿ ಎದ್ದು ಹೋಗ್ಲಾ?"

ನಕ್ಕಳು. ನನ್ನ ಮುಖದೆದುರು. ಎಂಥ ಸೊಕ್ಕು!

ಮುಚ್ಚಿ, ಮಷೀನನ್ನು ನನ್ನ ಮಡಿಲಲ್ಲಿಟ್ಟು, ಗಂಡನನ್ನು ಕರೆಯಲು ಹೋದಳು. ಯಾರೂ ನೋಡುತ್ತಿರಲಿಲ್ಲ. ತಿರುಪು ಕೈಗೆ ಎಟುಕುವ ಹಾಗೇ ಇತ್ತು. ತೆಗೆದು, ಇನ್ನೊಂದಿಷ್ಟು ಗ್ರೀಸ್... ಕೈ ಹೋಗಿತ್ತು ಕೂಡ.

ತೆಗೆಯಲಿಲ್ಲ. ಅವಳು ನನಗೆ ಮಾಡಿದ್ದನ್ನು ಅವಳಿಗೆ ಮಾಡುವಷ್ಟು ಕೀಳಲ್ಲ ನಾನು.

ಈಗ ಮೆಟ್ಟಿಲ ಮೇಲೆ ಕೂತಿದ್ದೇನೆ. ಪಕ್ಕದಲ್ಲಿ ಬೇಕರಿಯವಳು, ಉಗುರು ಕಚ್ಚುತ್ತ. "ಮುಚ್ಚಿದ್ದು ನೀವೇ ತಾನೇ ಅಮ್ಮಾ?" ಎಂದಳು.

"ಅಲ್ಲ. ನನ್ನ ಸೊಸೆ." ಗಟ್ಟಿಯಾಗಿಯೇ ಅಂದೆ. ಸೊಸೆ ತಿರುಗಿ ನೋಡಿದಳು. ನಾನು ನೋಡಲಿಲ್ಲ, ನದಿ ನೋಡುತ್ತಿದ್ದೆ.

ನೀರು ಎದೆಮಟ್ಟ. ಮಷೀನು ಇನ್ನೂ ಸತ್ತಿಲ್ಲ. ಎಮ್ಮೆ ನಿಂತ. ಹಿಂದಕ್ಕೆ ಒಂದು ಹೆಜ್ಜೆ. ಬಗ್ಗಿ ಮುಳುಗಿದ... ಎದ್ದ. ಕೈ ಮೇಲೆತ್ತಿ ಏನೋ ತೋರಿಸುತ್ತಿದ್ದಾನೆ, ಬಿಸಿಲಿಗೆ ಫಳಕ್ಕನೆ—