ಮಾದಪ್ಪನ ಚಪ್ಪರದ ಹಗ್ಗ

ಅಣ್ಣಯ್ಯನಿಗೆ ತಮ್ಮ ಸಿದ್ದನ ನಮಸ್ಕಾರ. ನಿನ್ನ ಕ್ಷೇಮ ಕೇಳುವ ಹಾಗಿಲ್ಲ, ನನ್ನದು ಹೇಳಲು ಮುಖವಿಲ್ಲ. ಆದರೂ ಬೇರೆ ಯಾರ ಬಾಯಿಂದಲೋ ನೀನು ಇದನ್ನು ಕೇಳುವುದಕ್ಕಿಂತ...

ಹನೂರಿನಲ್ಲಿ ನಾವಿಬ್ಬರೂ ಸೇರಿ ಮೊದಲು ಮಾಳಿಗೆ ಮನೆ ಕಟ್ಟಿದ್ದು ನೆನಪಿದೆಯಾ? ಆಗಿನ್ನೂ ನಮ್ಮದು ಕೊಯಮತ್ತೂರು ಜಿಲ್ಲೆ. ಓವರ್ಸಿಯರ್ ತಮಿಳಿನಲ್ಲಿ ಬೈಯುತ್ತಿದ್ದ. ಅವನು ನೋಡಲಿ ಬಿಡಲಿ, ಗೋಡೆಗೆ ಬಿದಿರಿನ ಸಾರುವೆ ಕಟ್ಟಿದ ದಿನ ಅದರ ಹಲಗೆಯ ಮೇಲೆ ನೀನೇ ಮೊದಲು ನಿಂತು ದಬದಬ ಕುಣಿಯುತ್ತಿದ್ದೆ. ಆಮೇಲೆಯೇ ಗಾರೆ ಹೊರುವ ಹೆಣ್ಣಾಳುಗಳಿಗೆ ಹತ್ತಲು ಅಪ್ಪಣೆ. "ಕಟ್ದೋನೇ ಮೊದ್ಲು ಮ್ಯಾಕೋಗ್ಬೇಕು ಕಣ್ಲಾ," ಅನ್ನುತ್ತಿದ್ದೆ. ಕೋತಿ ಕುಣಿತ ಎಂದು ನಾವೆಲ್ಲ ನಗುತ್ತಿದ್ದೆವು. ಕೆಳಗೆ ಮರಳಿನಲ್ಲಿ ಆಡುತ್ತಿದ್ದ ನಿನ್ನ ಮಗಳು ಚಿಕ್ಕತಾಯಿ ಎಲ್ಲ ನೋಡಿ ನೆನಪಿಟ್ಟುಕೊಳ್ಳುತ್ತಿದ್ದಾಳೆ ಅಂತ ಯಾರಿಗೆ ಗೊತ್ತಿತ್ತು?

ಈಗ ನಾನು ಮೇಸ್ತ್ರಿ. ಮಾದಪ್ಪನ ಬೆಟ್ಟದಲ್ಲಿ ಯಾತ್ರಿಕರಿಗೊಂದು ಛತ್ರ ಏಳುತ್ತಿದೆ. ಚಿಕ್ಕತಾಯಿಯೂ ಅಲ್ಲೇ ಗಾರೆ ಹೊರುತ್ತಾಳೆ. ನೀನು ತೀರಿಕೊಂಡ ಮೇಲೆ ಅವಳು ನನ್ನ ಕಣ್ಣ ಮುಂದೆಯೇ ಇರಲಿ ಎಂದುಕೊಂಡೆ. ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ್ದೇನು ಗೊತ್ತಾ? ಸಾರುವೆ ಕಟ್ಟಲು ಕಂಟ್ರಾಕ್ಟರು ಕಳಿಸಿದ ಹೊಸ ಹಗ್ಗ ಅರ್ಧಕ್ಕೇ ಮುಗಿಯಿತು. ಇನ್ನಷ್ಟು ಕೇಳಿದರೆ ಬೇರೆ ಮೇಸ್ತ್ರಿಯನ್ನು ಕರೆಸುತ್ತಾನೆ ಎಂಬ ಭಯ. ಜಾತ್ರೆಯ ಚಪ್ಪರ ಬಿಚ್ಚಿ ಎಸೆದಿದ್ದ ಹಗ್ಗದ ಕಂತೆಯೊಂದು ಹತ್ತಿರದಲ್ಲೇ ಬಿದ್ದಿತ್ತು, ಮಳೆ ಬಿಸಿಲು ತಿಂದದ್ದು. ಇಲ್ಲಿನ ಓವರ್ಸಿಯರ್ ಕೈಗೆ ಸಿಗುವ ಕೆಳಗಿನ ಗಂಟುಗಳಿಗೆ ಹೊಸದು ಕಟ್ಟಿ, ಮೇಲಿನವಕ್ಕೆ ಆ ಹಳೆಯದನ್ನು ಬಿಗಿದೆ. ಗೋಡೆಯ ತಲೆಯ ಮೇಲೆ ಕೂತು ಕಟ್ಟಿದೆ, ಆ ಗಳಗಳಿಗೆ ಒಮ್ಮೆಯೂ ಮೈಭಾರ ಬಿಡಲಿಲ್ಲ. ಆಳುಗಳು ಅನುಮಾನಪಟ್ಟಾಗ, ಮಾದಪ್ಪನ ಚಪ್ಪರ ಹೊತ್ತ ಹಗ್ಗ ಕಿತ್ತುಹೋಗುತ್ತದಾ ಎಂದು ಬಾಯಿ ಮುಚ್ಚಿಸಿದೆ. ಅವರು ನಂಬಿದರು. ಮಾರ್ಟಳ್ಳಿ ಕಡೆಯ ಒಬ್ಬನಂತೂ ಹಗ್ಗವನ್ನು ಕಣ್ಣಿಗೊತ್ತಿಕೊಂಡ. ಅದನ್ನು ನೆನೆದರೆ ಈಗಲೂ...

ಸೋಮವಾರ ಜೀಪು ಬಂತು. ಓವರ್ಸಿಯರ್ ಕೆಳಗಿನ ಗಂಟು ಹಿಡಿದು ಜಗ್ಗಿ, ಮೇಲೂ ಹೀಗೇನಾ ಅಂದರು. "ಎಲ್ಲಾ ಒಸ್ದೇ ಸಾ," ಅಂದೆ. ಕಾಫಿ ಕುಡಿದು ಹೋದರು. ಜೀಪಿನ ಧೂಳು ಇಳಿಯುವ ಮುಂಚೆ ಚಿಕ್ಕತಾಯಿ ಗಾರೆ ಬಾಂಡಲಿಯನ್ನು ಕೆಳಗಿಟ್ಟಳು. ಮೇಸ್ತ್ರಿ ಮನೆ ಹುಡುಗಿಗೆ ಇವತ್ತು ಮೈಗಳ್ಳತನ ಎಂದು ಉಳಿದ ಹೆಂಗಸರು ಛೇಡಿಸಿದರು. ಅವಳು ನನ್ನನ್ನೇ ನೋಡಿದಳು.

"ಕಟ್ದೋನು ನೀನಲ್ವಾ ಚಿಕ್ಕಪ್ಪ? ಮೊದ್ಲು ನೀನು ಮ್ಯಾಕೋಗು. ಅಪ್ಪನಂಗೆ ಒಂದ್ಸಲ ಕುಣ್ದುಬುಡು, ಆಮ್ಯಾಕೆ ನಾ ಬತ್ತೀನಿ."

ಹತ್ತಿದೆ. ಹೊಸ ಹಗ್ಗ ಮುಗಿಯುವ ತನಕ ಹತ್ತಿದೆ, ಅಣ್ಣಯ್ಯ. ಅಲ್ಲಿಗೆ ಕಾಲು ನಿಂತುಬಿಟ್ಟವು. ಕೆಳಗೆ ಎಲ್ಲರೂ ತಲೆಯೆತ್ತಿಕೊಂಡು ನಿಂತಿದ್ದಾರೆ. ಅವರನ್ನು ಕಳಿಸಲು ಹೊರಟಿದ್ದ ಜಾಗಕ್ಕೆ ನಾನು ಹೋಗಲಾರೆ. ಇಳಿದು ಬಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಚಿಕ್ಕತಾಯಿ ಒಂದು ಚೊಂಬು ನೀರು ತಂದುಕೊಟ್ಟಳು, ಜ್ವರ ಬಂದವನಿಗೆ ಕೊಡುವ ಹಾಗೆ. ಹಗ್ಗವನ್ನು ಕಣ್ಣಿಗೊತ್ತಿಕೊಂಡಿದ್ದವನು ಉದ್ದನೆಯ ಗಳದಿಂದ ಮೇಲಿನ ಅಡ್ಡಬಿದಿರನ್ನು ತಿವಿದ. ಹಗ್ಗ ಸದ್ದೇ ಇಲ್ಲದೆ ಹರಿದು ಬಿದಿರು ಜೋತುಬಿತ್ತು. ಅವನು ನನ್ನ ಕಡೆ ತಿರುಗಲಿಲ್ಲ.

ಮಾರನೆಯ ದಿನ ಕೊಳ್ಳೇಗಾಲಕ್ಕೆ ಹೋಗಿ, ಕಂಟ್ರಾಕ್ಟರನ ಎದುರು ನಿಂತು ಕೇಳಿ, ಬಸ್ಸಿನ ಮೇಲೆ ಹೊಸ ಹಗ್ಗ ಹಾಕಿಸಿಕೊಂಡು ಬಂದೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಮೊದಲೇ ಮಾಡಬೇಕಾಗಿದ್ದದ್ದು. ಕಟ್ಟಲು ಕೂತು, ಮೊದಲ ಗಂಟನ್ನೇ ಎರಡು ಸಲ ಬಿಚ್ಚಿದೆ. ಚಿಕ್ಕತಾಯಿ ಹಗ್ಗ ಕಸಿದುಕೊಂಡು ಗೋಡೆ ಹತ್ತಿದಳು. ಹೆಣ್ಣಾಳು ಸಾರುವೆ ಕಟ್ಟಿದ್ದನ್ನು ನೀನು ಎಲ್ಲಾದರೂ ಕೇಳಿದ್ದೆಯಾ? ಗಂಟು ಥೇಟ್ ನಿನ್ನದೇ. ಕಟ್ಟಿ ಮುಗಿದ ಮೇಲೆ, ಇವತ್ತಾದರೂ ನಾನೇ ಮೊದಲು ಹಲಗೆಯ ಮೇಲೆ ನಿಲ್ಲಬೇಕೆಂದು ಹೊರಟೆ.

"ಕಟ್ದೋಳು ನಾನು," ಅಂದಳು. "ಸರ್ಕೋ ಚಿಕ್ಕಪ್ಪ."

ಮೇಲೆ ಹೋಗಿ ಸೆರಗು ಬಿಗಿದು ಕುಣಿದಳು ಅಣ್ಣಯ್ಯ, ನಿನ್ನ ಹಾಗೆಯೇ, ದಬದಬ. ನಾನು ಕೆಳಗೆ ಅವಳ ಬಾಂಡಲಿ ಹಿಡಿದುಕೊಂಡು ಅಪ್ಪಣೆಗೆ ಕಾಯುತ್ತಿದ್ದೆ.