ಒಳಗಿನ ವಾಚ್‌ಮನ್

ಚಾಂಪಿಯನ್ ರೀಫ್ಸ್
9-8-1996

ಪೂಜ್ಯ ಬಚ್ಚಪ್ಪ ಭಾವನವರಿಗೆ,

ಸಮಸ್ತ ಬಂಗಾರಪೇಟೆಗೆ ತಿಳಿಯಪಡಿಸುವುದೇನೆಂದರೆ, ಮೂರು ತಿಂಗಳಿಂದ ಮುಷ್ಕರ ಹೂಡಿದ್ದ ನಮ್ಮ ಕೆಂಪು ಕೋಳಿ ಇಂದು ಒಂದು ಮೊಟ್ಟೆ ದಯಪಾಲಿಸಿದೆ. ನಿಮ್ಮ ತಂಗಿ ಮುಟ್ಟಲಿಲ್ಲ. "ನೀನೇ ತಿನ್ಕ, ಗಣಿ ಗೇಟಲ್ಲಿ ನಿಂತ್ಕಬೇಕಲ್ಲ" ಅಂದಳು.

ಅವಳ ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ಡಾಕ್ಟರಮ್ಮ ನನ್ನ ಕಸುಬಿನ ಭಾಷೆಯಲ್ಲೇ ಬಿಡಿಸಿ ಹೇಳಿದರು. ಪ್ರತಿ ಜೀವಕಣದೊಳಗೂ ಒಬ್ಬ ವಾಚ್‌ಮನ್ ಇರುತ್ತಾನಂತೆ. ಕಣ ಕೆಟ್ಟು ಅಡ್ಡಾದಿಡ್ಡಿ ಬೆಳೆಯಹೊರಟರೆ ತಡೆಯುವವನು ಅವನೇ. ವೈರಸ್ಸು ಒಳಗೆ ಬಂದು ಮೊದಲು ಅವನನ್ನೇ ಮುಗಿಸುತ್ತದಂತೆ. ಆಮೇಲೆ ಹೇಳೋರು ಕೇಳೋರು ಯಾರೂ ಇಲ್ಲ.

"ಅದು ಎಲ್ಲಿಂದ ಬಂತಮ್ಮ?" ಅಂದೆ.

"ಹೆಚ್ಚಾಗಿ ಗಂಡನಿಂದಲೇ" ಅಂದರು.

ಭಾವ, ಚಿನ್ನ ಅಡಗಿಸಿದ್ದಾರೇನೋ ಎಂದು ಶಿಫ್ಟು ಮುಗಿಸಿ ಬಂದವರ ಬುತ್ತಿ ಡಬ್ಬಿ, ತಲೆಗೂದಲನ್ನೂ ಬಿಡದೆ ಇಪ್ಪತ್ತೆಂಟು ವರ್ಷ ತಡಕಿದ ಮಹಾಶಯ ನಾನು. ಮದುವೆಗೆ ಮುಂಚಿನ ನನ್ನ ತಿರುಗಾಟವನ್ನು ಯಾರೂ ತಡಕಲಿಲ್ಲ. ಅವಳಿಗೆ ಇನ್ನೂ ಹೇಳಿಲ್ಲ. ಹೇಳಲು ದಿನಗಳೂ ಹೆಚ್ಚು ಉಳಿದಿಲ್ಲ.

ರಕ್ತ ನಿಲ್ಲುತ್ತಿಲ್ಲ, ಮನೆಯ ಹಳೇ ಬಟ್ಟೆಯನ್ನೆಲ್ಲ ಹರಿದು ಹಾಸಿಯಾಯಿತು. ಭಾನುವಾರ ಮಾರಿಕುಪ್ಪಂ ರೈಲಿಗೆ ಬರುವಾಗ ಅಕ್ಕನವರ ಹಳೆಯ ನೂಲಿನ ಸೀರೆ ಎರಡು ತನ್ನಿ, ಮೆತ್ತಗಿರುವುದನ್ನೇ.

ಇಂತಿ ನಿಮ್ಮ
ಮುನಿಸ್ವಾಮಪ್ಪ